ಹತ್ತಡಿ ಎತ್ತರದ ಮಗಳು

ಕೊಟ್ಟಾರ ಜಂಕ್ಷನ್ನಿನಲ್ಲಿ ಮಗಳ ಮುಖ ಹತ್ತಡಿ ಎತ್ತರಕ್ಕೆ ಎದ್ದು ನಿಂತ ದಿನ ಲತೇಶ ಆ ದಾರಿಯಲ್ಲಿ ಸ್ಕೂಟರ್ ಬಿಟ್ಟುಕೊಂಡು ಹೋದದ್ದೇ ಹೋದದ್ದು. ಕೆಲಸವಿದ್ದು ಒಮ್ಮೆ ಹೋದ, ಕೆಲಸವಿಲ್ಲದೆ ಮತ್ತೆ ಮತ್ತೆ ಹೋದ. ಫ್ಲೆಕ್ಸ್ ಅಚ್ಚಾದದ್ದು ಅವನದೇ ಅಂಗಡಿಯಲ್ಲಿ, ಫ್ರೇಮಿಗೆ ಬಿಗಿದು ಕಟ್ಟಿಸಿದವನೂ ಅವನೇ. ಆದರೆ ಟ್ರಾಫಿಕ್ ಬ್ಲಾಕಿನಲ್ಲಿ ನಿಂತ ಬಸ್ಸಿನ ಜನ ಕಿಟಕಿಯಿಂದ ಕತ್ತು ಹೊರಗೆ ಹಾಕಿ ತನ್ನ ಮಗಳನ್ನು ನೋಡುತ್ತಾರಲ್ಲ, ಅದನ್ನು ನಿಂತು ನೋಡುವ ಸುಖವೇ ಬೇರೆ.

‘ಕರಾವಳಿಯ ಗಣಿತ ಸಿರಿ, ಬಾಲಪ್ರತಿಭೆ ಕುಮಾರಿ ಯಶ್ಮಿತಾಳಿಗೆ ಹಾರ್ದಿಕ ಅಭಿನಂದನೆಗಳು’ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಅಭಿನಂದಿಸುವವರ ಮುಖಗಳು ಸಾಲಾಗಿ. ಅಭಿನಂದಿಸುವವರ ಮುಖ ಇಲ್ಲದ ಫ್ಲೆಕ್ಸನ್ನು ಈ ಊರಿನಲ್ಲಿ ಯಾರೂ ಮಾಡಿಸುವುದಿಲ್ಲ. ಸುಮ್ಮನೆ ಯಾರನ್ನೋ ಮೆಚ್ಚಿಕೊಂಡು ಮನೆಯಲ್ಲಿ ಕೂರುವಷ್ಟು ಪುರುಸೊತ್ತು ಯಾರಿಗಿದೆ?

ಲತೇಶನನ್ನು ಬಯ್ಯಲು ಹೊರಡುವವರು ಒಂದು ಸಂಗತಿ ತಿಳಿದುಕೊಳ್ಳಬೇಕು. ವರ್ಷಾನುಗಟ್ಟಲೆ ಅವನು ಬೇರೆಯವರ ಮುಖಗಳನ್ನೇ ಅಚ್ಚು ಹಾಕುತ್ತ ಬಂದವನು. ಗೆದ್ದವರು, ಸೋತರೂ ಗೆದ್ದವರ ಹಾಗೆ ಕೈಮುಗಿಯುವವರು, ಮೊದಲ ಬರ್ತ್‌ಡೇಯ ಕೂಸುಗಳು, ಭಾವಪೂರ್ಣ ಶ್ರದ್ಧಾಂಜಲಿಯ ಅಜ್ಜಂದಿರು. ಇಲ್ಲಿ ಹುಟ್ಟಿದರೂ ಫ್ಲೆಕ್ಸ್, ಸತ್ತರೂ ಫ್ಲೆಕ್ಸ್. ಅವನ ಅಪ್ಪ ನೋಣಯ್ಯ ಜೀವಮಾನವಿಡೀ ದೇರೆಬೈಲಿನ ಯಾರದೋ ಗದ್ದೆಯಲ್ಲಿ ದುಡಿದು ತೀರಿಕೊಂಡಾಗ ಪೇಪರಿನ ಮೂಲೆಯಲ್ಲೂ ಅವರ ಹೆಸರು ಬಂದಿರಲಿಲ್ಲ. ಅಂಥ ಮನೆಯ ಹುಡುಗಿ ಈಗ ಹೈವೇಯ ಪಕ್ಕ ನಿಂತು ಇಡೀ ಊರನ್ನೇ ನೋಡುತ್ತಿದ್ದಾಳೆ. ಮಗಳಿಗೆ ಇದಕ್ಕಿಂತ ಹೆಚ್ಚಿನದನ್ನು ಕೊಡುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಅವನು ಬಲ್ಲ ಗೌರವ ಅದೊಂದೇ.

ಎಲ್ಲ ಶುರುವಾದದ್ದು ಅದಕ್ಕೂ ಹಿಂದಿನ ಮಳೆಗಾಲದ ಕೊನೆಯಲ್ಲಿ, ಅಂಗಡಿಯೊಳಗೆ. ಯಶ್ಮಿತಾಳಿಗೆ ಆಗ ಆರು ವರ್ಷ. ಅಮ್ಮ ಹರಿಣಾಕ್ಷಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವ ಕೆಲಸದಲ್ಲಿದ್ದಳು, ಮನೆಗೆ ಬರುವಾಗ ಕತ್ತಲಾಗುತ್ತಿತ್ತು. ಹಾಗಾಗಿ ಶಾಲೆಯ ವ್ಯಾನು ಮಗುವನ್ನು ಅಂಗಡಿಯ ಮುಂದೆಯೇ ಇಳಿಸುತ್ತಿತ್ತು. ಮೆಷಿನ್ನಿನ ಪಕ್ಕದಲ್ಲಿ ಕತ್ತರಿಸಿ ಬಿಸಾಡಿದ ಫ್ಲೆಕ್ಸ್ ತುಂಡುಗಳ ರಾಶಿ ಇತ್ತಲ್ಲ, ಅವಳ ಸಂಸಾರವೆಲ್ಲ ಅದರ ಮೇಲೆ. ತುಂಡುಗಳನ್ನು ನೆಲದಲ್ಲಿ ಹರಡಿ, ಒಂದಕ್ಕೊಂದು ತಾಗಿಸಿ, ನಡುವೆ ಎಡೆ ಉಳಿಯದ ಹಾಗೆ ದೊಡ್ಡ ಚೌಕ ಮಾಡುವುದು ಅವಳ ಆಟ. ಸರಿಯಾಗದಿದ್ದರೆ “ಅಯ್ಯೋ, ಹಾಗಲ್ಲ!” ಎಂದು ತನ್ನಷ್ಟಕ್ಕೆ ನಕ್ಕು, ಎಲ್ಲ ಕೆಡವಿ, ಪುನಃ ಮೊದಲಿನಿಂದ. ತಪ್ಪಿದಷ್ಟೂ ಅವಳಿಗೆ ಹುರುಪು. ಅದರಲ್ಲಿ ಗಮನಿಸುವಂಥದ್ದೇನಾದರೂ ಇದೆ ಎಂದು ಲತೇಶನಿಗೆ ಆಗ ಅನ್ನಿಸಲಿಲ್ಲ. ಮಗು ಗಲಾಟೆ ಮಾಡದೆ ಆಡುತ್ತದಲ್ಲ ಎಂಬ ನೆಮ್ಮದಿ ಮಾತ್ರ ಇತ್ತು.

ಪ್ರಶ್ನೆಗಳಿಗಂತೂ ಬಿಡುವಿರಲಿಲ್ಲ.

“ಪಪ್ಪ, ಎಲ್ಲಕ್ಕಿಂತ ದೊಡ್ಡ ನಂಬರ್ ಇಲ್ಲ ಅಲ್ವಾ? ಹಾಗಾದ್ರೆ ಎಲ್ಲಕ್ಕಿಂತ ಸಣ್ಣದು ಉಂಟಾ?”

“ಉಂಟಲ್ಲ ಮಗಾ, ಸೊನ್ನೆ.”

“ಸೊನ್ನೆ ಅಲ್ಲ. ಸೊನ್ನೆಗೆ ತಾಗಿಕೊಂಡು ಇರುವಂಥದ್ದು. ಅದರ ಹೆಸರು ಎಂತ?”

“ಅದು ನಿನ್ನ ಟೀಚರ್ ಹತ್ರ ಕೇಳು. ಮೆಷಿನ್ ಓಡ್ತಾ ಉಂಟು, ಈಚೆ ಬರ್ಬೇಡ.”

ಗೋಡೆಯಲ್ಲಿ ಯಾವುದೋ ಸೊಸೈಟಿಯವರು ಕೊಟ್ಟ ಕ್ಯಾಲೆಂಡರ್ ನೇತಾಡುತ್ತಿತ್ತು. ಸ್ಟೂಲಿನ ಮೇಲೆ ಹತ್ತಿ ನಿಂತು ಅದರ ಹಾಳೆ ಮಗುಚುವುದು ಕೆಲವು ದಿನ ಅವಳಿಗೊಂದು ಗೀಳಾಯಿತು. ಒಂದು ತಿಂಗಳು ಸೋಮವಾರ ಶುರುವಾದರೆ ಮುಂದಿನದು ಯಾವ ವಾರ, ಒಂದು ವರ್ಷದ ದೀಪಾವಳಿಯ ತಾರೀಕು ಇನ್ನೊಂದು ವರ್ಷ ಯಾವ ವಾರ ಬೀಳುತ್ತದೆ ಎಂದು ಬೆರಳು ಮಡಚಿ ಬಿಚ್ಚಿ, ಯಾರೂ ಹೇಳಿಕೊಡದೆ ಅವಳೇ ಒಂದು ದಾರಿ ಕಂಡುಕೊಂಡಳು. ಯಾವ ತಾರೀಕು ಹೇಳಿದರೂ ಅದು ಯಾವ ವಾರವೆಂದು ಹೇಳತೊಡಗಿದಳು.

ಆ ಹೊತ್ತಿಗೆ ಸರಿಯಾಗಿ ಹಿತೇಶ ಬಂದ. ಹಿತೇಶನೆಂದರೆ ಕೊಟ್ಟಾರದ ಫ್ರೆಂಡ್ಸ್ ಕ್ಲಬ್ಬಿನ ಕಾರ್ಯದರ್ಶಿ, ಲತೇಶನಿಗಿಂತ ಎರಡು ವರ್ಷ ದೊಡ್ಡವನು, ಎಲ್ಲಿ ಮೈಕ್ ಇದೆಯೋ ಅಲ್ಲಿ ಇರುವವನು. ಕೃಷ್ಣಾಷ್ಟಮಿಯ ಮೊಸರುಕುಡಿಕೆ ಉತ್ಸವದ ಫ್ಲೆಕ್ಸ್ ಮಾಡಿಸಲು ಬಂದಿದ್ದ. ಮಗಳ ಕೈಚಳಕವನ್ನು ಲತೇಶ ಸುಮ್ಮನೆ ತಮಾಷೆಗೆಂದು ಹೇಳಿದ.

“ಹೌದಾ? ನಂದು ಎಂಬತ್ತಾರು, ಜೂನ್ ಹನ್ನೆರಡು. ಹೇಳು ನೋಡುವ.”

ಮಗು ಒಮ್ಮೆ ಮೇಲೆ ನೋಡಿತು. “ಗುರುವಾರ.”

ಹಿತೇಶ ಅಲ್ಲಿಂದಲೇ ತಾಯಿಗೆ ಫೋನ್ ಮಾಡಿದ. ಗುರುವಾರವೇ, ಸಂಜೆ ಹೊತ್ತು, ಎಂದು ತಾಯಿ ಹೇಳಿದ್ದೇ ತಡ, ಮೇಜಿಗೆ ಕೈ ಬಡಿದ. “ಮಾರಾಯಾ ಲತೇಶ! ಇದು ಮಗು ಅಲ್ಲ, ಕಂಪ್ಯೂಟರ್! ಇಂಥದ್ದನ್ನು ತಂದು ಈ ಕಸದ ರಾಶಿಯಲ್ಲಿ ಕೂರಿಸಿದ್ದಿಯಲ್ಲ, ನಾಚಿಕೆ ಆಗುದಿಲ್ವಾ ನಿನಗೆ?”

ಲತೇಶನಿಗೆ ನಿಜವಾಗಿಯೂ ನಾಚಿಕೆಯಾಯಿತು. ತಾನು ಮಗಳನ್ನು ಕಡೆಗಣಿಸಿದೆ ಎನ್ನಿಸಿತು. ಮೊಸರುಕುಡಿಕೆಯ ದಿನ ವೇದಿಕೆಯ ಮೇಲೆ ಯಶ್ಮಿತಾಳಿಗೆ ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಲ್ಲ ಆಯಿತು. ಪೇಟ ಮೂಗಿನವರೆಗೆ ಇಳಿದು ಮಗು ಸೀನಿತು. ಜನ ಚಪ್ಪಾಳೆ ತಟ್ಟಿದರು. ಅವಳೂ ಖುಷಿಯಿಂದ ತಾನೇ ತಟ್ಟಿಕೊಂಡಳು.

ಒಂದು ಸಂಘ ಸನ್ಮಾನಿಸಿದ ಮೇಲೆ ಪಕ್ಕದ ಸಂಘ ಕೈಕಟ್ಟಿ ಕೂರುತ್ತದೆಯೇ? ಗಣೇಶೋತ್ಸವದವರು ಕರೆದರು, ಜಾತಿ ಸಂಘದವರು ಕರೆದರು, ಲೋಕಲ್ ಚಾನೆಲಿನವರು ಮನೆಗೇ ಬಂದು ಸೋಫಾದ ಮೇಲೆ ಕೂರಿಸಿ ವಿಡಿಯೋ ತೆಗೆದರು. ಶಾಲೆಯವರೂ ಹಿಂದೆ ಬೀಳಲಿಲ್ಲ. ಹೊಸ ಮಕ್ಕಳು ಸೇರುವ ಸಮಯಕ್ಕೆ ಸರಿಯಾಗಿ ‘ನಮ್ಮ ಹೆಮ್ಮೆ’ ಎಂದು ಗೇಟಿನ ಮೇಲೆ ಯಶ್ಮಿತಾಳನ್ನು ಏರಿಸಿಬಿಟ್ಟರು. ಲತೇಶನ ತಾಯಿ ದೇಯಿ ಮಾತ್ರ ಪ್ರತಿ ಕಾರ್ಯಕ್ರಮ ಮುಗಿಸಿ ಬಂದಾಗಲೂ ಮೊಮ್ಮಗಳನ್ನು ಬಾಗಿಲಲ್ಲೇ ನಿಲ್ಲಿಸಿ, ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿ, “ಊರಿನವರ ಕಣ್ಣೆಲ್ಲ ಇದರ ಮೇಲೆ” ಎಂದು ಗೊಣಗುತ್ತಿದ್ದರು. ಗೊಣಗಿ ಆದಮೇಲೆ ಹಣ್ಣಿನ ಬುಟ್ಟಿಯಿಂದ ಸೇಬು ಆರಿಸಿಕೊಳ್ಳುತ್ತಿದ್ದರು.

ಈ ನಡುವೆ ಮಗುವಿಗೆ ಕ್ಯಾಲೆಂಡರ್ ಹಳತಾಗಿ ಹೋಗಿತ್ತು. ವಾರಕ್ಕೆ ಏಳರ ಬದಲು ಹತ್ತು ದಿನ ಇದ್ದಿದ್ದರೆ ತನ್ನ ಲೆಕ್ಕ ಏನಾಗುತ್ತಿತ್ತು ಎಂದು ಕಾರ್ಯಕ್ರಮಕ್ಕೆ ಹೋಗುವಾಗ ಕಾರಿನಲ್ಲಿ ಹಿತೇಶನನ್ನು ಕೇಳಿದಳು. ಹಿತೇಶ ಗಹಗಹಿಸಿ ನಕ್ಕು, “ಹತ್ತು ದಿನ ಇದ್ರೆ ನಮಗೆ ಸಂಬಳ ಲೇಟ್ ಆಗ್ತಿತ್ತು” ಎಂದ. ಎಲ್ಲರೂ ನಕ್ಕರು. ಮಗು ಉತ್ತರಕ್ಕೆ ಸ್ವಲ್ಪ ಹೊತ್ತು ಕಾದು, ಕಿಟಕಿಯ ಕಡೆಗೆ ತಿರುಗಿತು.

ಅವಳ ಕ್ಲಾಸ್ ಟೀಚರ್ ಗ್ಲ್ಯಾಡಿಸ್ ಬಾಯಿ ಒಂದು ದಿನ ಲತೇಶನನ್ನು ಶಾಲೆಗೆ ಕರೆಸಿದರು. ಮದುವೆಯಾಗದೆ, ಮೂವತ್ತು ವರ್ಷ ಒಂದೇ ಶಾಲೆಯಲ್ಲಿ ಲೆಕ್ಕ ಕಲಿಸಿದ ಹೆಂಗಸು. ಮಾತು ನೇರ.

“ಲತೇಶ್, ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡಿ. ಈ ಕ್ಯಾಲೆಂಡರ್ ಲೆಕ್ಕ ಉಂಟಲ್ಲ, ಅದು ಅವಳಿಗೆ ಮುಗಿದು ಹೋದದ್ದು. ಹಾವು ಬಿಟ್ಟ ಪೊರೆ. ನೀವು ಪೊರೆಗೆ ಶಾಲು ಹಾಕಿಸ್ತಾ ಇದ್ದೀರಿ.”

“ಜನ ಪ್ರೀತಿಯಿಂದ ಕರೀತಾರೆ ಟೀಚರ್. ಬರುದಿಲ್ಲ ಅಂತ ಹೇಗೆ ಹೇಳುದು?”

“ಜನಕ್ಕೆ ಅವಳಿಗೆ ಗೊತ್ತಿರುವಂಥದ್ದು ಬೇಕು. ಅವಳಿಗೆ ಬೇಕಾದ್ದು ಗೊತ್ತಿಲ್ಲದ್ದು. ಒಂದು ಕಷ್ಟದ ಲೆಕ್ಕ ಕೊಟ್ಟು ಅವಳ ಮುಖ ನೋಡಿ ಒಮ್ಮೆ. ಎರಡು ದಿನ ತಪ್ಪು ಮಾಡ್ತಾಳೆ, ಮೂರನೇ ದಿನ ಓಡಿ ಬಂದು ನನ್ನ ಸೆರಗು ಹಿಡೀತಾಳೆ. ಆ ತಪ್ಪು ಮಾಡ್ಲಿಕ್ಕೆ ಅವಳಿಗೆ ಜಾಗ ಬೇಕು ಮಾರಾಯ್ರೆ. ಸ್ಟೇಜಿನಲ್ಲಿ ಆ ಜಾಗ ಇಲ್ಲ.” ಗಣಿತದ ಪೀರಿಯಡ್ಡಿಗೆ ಮಾತ್ರ ಅವಳನ್ನು ಐದನೇ ಕ್ಲಾಸಿನಲ್ಲಿ ಕೂರಿಸೋಣವೆಂದು ತಾನು ಕೇಳಿದ್ದನ್ನೂ, ಟೈಮ್‌ಟೇಬಲ್ ಹಾಳಾಗುತ್ತದೆ ಎಂದು ಮೇಲಿನವರು ಬಿಡದಿದ್ದನ್ನೂ ಹೇಳಿ ಮೂಗು ಮುರಿದರು. “ಗೆಸ್ಟ್ ಬಂದ್ರೆ ಮಾತ್ರ ಅವಳನ್ನು ಯಾವ ಪೀರಿಯಡ್ಡಿನಿಂದ ಬೇಕಾದ್ರೂ ಎಬ್ಬಿಸಿಕೊಂಡು ಹೋಗ್ತಾರೆ. ಆಗ ಟೈಮ್‌ಟೇಬಲ್ ಎಲ್ಲಿಗೆ ಹೋಗ್ತದೋ!”

ಕೊಡಿಯಾಲ್‌ಬೈಲಿನ ಕಜೆಟನ್ ಸರ್ ವಿಷಯ ಹೇಳಿದ್ದೂ ಅವರೇ. ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಶನಿವಾರ ಮಧ್ಯಾಹ್ನ ಐದಾರು ಮಕ್ಕಳನ್ನು ಮನೆಯಲ್ಲಿ ಕೂರಿಸಿಕೊಂಡು, ಪಾಠವೂ ಅಲ್ಲ ಆಟವೂ ಅಲ್ಲ ಎಂಬಂಥದ್ದೇನನ್ನೋ ಮಾಡಿಸುತ್ತಿದ್ದರು. “ಅಲ್ಲಿ ಫೀಸ್ ಇಲ್ಲ, ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ. ನಾನು ಅವರ ಹತ್ರ ಮಾತಾಡಿದ್ದೇನೆ.”

“ಸರ್ಟಿಫಿಕೇಟ್ ಇಲ್ವಾ?” ಎಂದು ಲತೇಶ ಕೇಳಿಯೇ ಬಿಟ್ಟ.

ಗ್ಲ್ಯಾಡಿಸ್ ಟೀಚರ್ ಅವನನ್ನು ನೋಡಿದ ರೀತಿಗೆ, ಬರುವ ಶನಿವಾರವೇ ಕರಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟ. ಮಾತು ತಪ್ಪುವ ಉದ್ದೇಶ ಅವನಿಗೆ ಖಂಡಿತ ಇರಲಿಲ್ಲ. ಆದರೆ ಅದೇ ಶನಿವಾರ ಬೆಳಿಗ್ಗೆ ದೇರೆಬೈಲಿನಲ್ಲಿ ಒಂದು ಸನ್ಮಾನ ಇತ್ತು. “ಫಸ್ಟ್ ಐಟಂ ನಿನ್ನ ಮಗಳದ್ದೇ, ಹತ್ತು ನಿಮಿಷ, ಮುಗಿಸಿಕೊಂಡು ಹೋಗು” ಎಂದಿದ್ದ ಹಿತೇಶ. ಮುಖ್ಯ ಅತಿಥಿಗಳು ಇನ್ನೊಂದು ಉದ್ಘಾಟನೆಯಲ್ಲಿ ಸಿಕ್ಕಿಬಿದ್ದರು. ಅವರಿಲ್ಲದೆ ಶಾಲು ಹೊದಿಸುವುದು ಯಾರು? ಮಗು ರೇಷ್ಮೆ ಲಂಗ ಹಾಕಿಕೊಂಡು, ತುಟಿಗೆ ಬಣ್ಣ ಬಳಿದುಕೊಂಡು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಹಸಿದು ನಿದ್ದೆ ಹೋಯಿತು. ಎಬ್ಬಿಸಿ ಹಾರ ಹಾಕಿದರು.

ಕೊಡಿಯಾಲ್‌ಬೈಲಿನ ಟ್ರಾಫಿಕ್ಕಿನಲ್ಲಿ ನುಗ್ಗಿ ತೂರಿ ಹೋಗಿ ಮುಟ್ಟುವಾಗ ಮಕ್ಕಳು ಹೊರಟು ಬರುತ್ತಿದ್ದರು. ಮೆಟ್ಟಿಲ ಮೇಲೂ ಅವರ ಜಗಳ ಮುಗಿದಿರಲಿಲ್ಲ. “ಅಲ್ಲ, ನೀನು ಹೇಳಿದ್ದು ಯಾವಾಗಲೂ ಆಗುದಿಲ್ಲ!” “ಆಗ್ತದೆ, ತೋರಿಸ್ತೇನೆ ಬಾ!” ಕಜೆಟನ್ ಸರ್ ಬಾಗಿಲಲ್ಲಿ ನಿಂತು ಲತೇಶನ ಕ್ಷಮಾಪಣೆಯನ್ನೆಲ್ಲ ಕೇಳಿ, ಮಗುವಿನ ಹಾರದ ಕಡೆಗೊಮ್ಮೆ ನೋಡಿ, “ಬರುವ ಶನಿವಾರ ಬನ್ನಿ. ಅಲಂಕಾರ ಬೇಡ, ಹಾಗೆಯೇ ಬರ್ಲಿ” ಎಂದರು.

“ಪಪ್ಪ, ಅವರು ಎಂತಕ್ಕೆ ಜಗಳ ಮಾಡ್ತಾ ಇದ್ದದ್ದು?” ಎಂದು ಸ್ಕೂಟರಿನ ಹಿಂದಿನಿಂದ ಯಶ್ಮಿತಾ ಕೇಳಿದಳು. ಗೊತ್ತಿಲ್ಲ ಎಂದ. “ಯಾವಾಗಲೂ ಆಗದ್ದು ಎಂತದ್ದು?” ಎಂದಳು. ಮನೆ ಮುಟ್ಟುವವರೆಗೂ ಕೇಳುತ್ತಲೇ ಇದ್ದಳು. ಮುಂದಿನ ಶನಿವಾರ ಹೋಗುವ, ನೀನೇ ಕೇಳು, ಎಂದು ಸಮಾಧಾನ ಮಾಡಿದ.

ಮುಂದಿನ ಶನಿವಾರ ಇನ್ನೊಂದು ಸಂಘದ ವಾರ್ಷಿಕೋತ್ಸವ. ಅದರ ಮುಂದಿನದು ಚಾನೆಲಿನ ರೆಕಾರ್ಡಿಂಗ್. ಈ ಊರಿನಲ್ಲಿ ಕಾರ್ಯಕ್ರಮಗಳಾಗುವುದು ಶನಿವಾರ ಭಾನುವಾರವೇ ಅಲ್ಲವೇ. ಕಾರ್ಯಕ್ರಮಕ್ಕೆ ಕರೆದವರು ಫ್ಲೆಕ್ಸಿಗೂ ಅವನ ಅಂಗಡಿಗೇ ಬರುತ್ತಿದ್ದರು, ಅದನ್ನೂ ಹೇಳಿಬಿಡಬೇಕು. ಕಜೆಟನ್ ಸರ್ ಮನೆಗೆ ಹೋಗುವ ಮಾತು ಮೊದಲು ಮುಂದಿನ ವಾರಕ್ಕೆ ಹೋಯಿತು, ಆಮೇಲೆ ರಜೆಗೆ ಹೋಯಿತು, ಕೊನೆಗೆ ಮಾತಿನಿಂದಲೇ ಹೋಯಿತು. ಮಗುವೂ ಕೇಳುವುದನ್ನು ಬಿಟ್ಟಿತು. ಗ್ಲ್ಯಾಡಿಸ್ ಟೀಚರ್ ಇನ್ನೆರಡು ಸಲ ಫೋನ್ ಮಾಡಿ, ಆ ವರ್ಷ ನಿವೃತ್ತರಾದರು.

ಶಾರದೋತ್ಸವದ ವೇದಿಕೆಯಲ್ಲಿ ಅದು ನಡೆಯಿತು. ಮೈದಾನ ತುಂಬಿ ಜನ. ಎಂಟು ವರ್ಷದ ಯಶ್ಮಿತಾ ಈಗ ಪಳಗಿದ ಕೈ. “ಎಲ್ಲರಿಗೂ ನಮಸ್ಕಾರ, ನಿಮ್ಮ ಹುಟ್ಟಿದ ದಿನ ಹೇಳಿ” ಎಂದು ಕೈಮುಗಿದು ನಗುವುದು, ಕೇಳಿದ ಕೂಡಲೇ ಉತ್ತರ ಬಿಡುವುದು. ಬೇಗ ಹೇಳಿದಷ್ಟೂ ಚಪ್ಪಾಳೆ ಜೋರು ಎಂದು ಅವಳಿಗೆ ಗೊತ್ತಾಗಿ ಹೋಗಿತ್ತು. ಹಿಂದಿನ ಸಾಲಿನಿಂದ ಒಬ್ಬ ಕೂಗಿದ: “ಎರಡು ಸಾವಿರದ ಹನ್ನೊಂದು, ಫೆಬ್ರವರಿ ಮೂವತ್ತು!”

“ಬುಧವಾರ!”

ನಗು ಹಿಂದಿನಿಂದ ಎದ್ದು ಮುಂದಿನವರೆಗೂ ಬಂತು. ಮೈಕ್ ಹಿಡಿದಿದ್ದ ಹಿತೇಶ, “ಫೆಬ್ರವರಿಗೆ ಮೂವತ್ತು ಎಲ್ಲಿಂದ ಬಂತು ಮಗಳೇ, ಅಜ್ಜಿ ಮನೆಯಿಂದ್ಲಾ?” ಎಂದ. ಮತ್ತೂ ನಕ್ಕರು. ಆರು ವರ್ಷದಲ್ಲಾಗಿದ್ದರೆ ಅದೇ ಮಗು ಸ್ಟೂಲಿನ ಮೇಲಿಂದ ಹಾರಿ, ಅಂಥ ತಾರೀಕೇ ಇಲ್ಲ ಎಂದು ಕೂಗಿದವನನ್ನೇ ಗೇಲಿ ಮಾಡುತ್ತಿತ್ತು. ಈಗ ಕಲಿಸಿದ ನಗುವನ್ನು ಮುಖದ ಮೇಲೆ ಹಾಗೆಯೇ ಹಿಡಿದು ನಿಂತಿತ್ತು, ಗಲ್ಲ ಮಾತ್ರ ನಡುಗುತ್ತಿತ್ತು. ವೇದಿಕೆಯ ಅಂಚಿನಲ್ಲಿ ಮೊಬೈಲ್ ಹಿಡಿದು ನಿಂತಿದ್ದ ಲತೇಶನಿಗೆ ಏನು ಮಾಡಬೇಕೆಂದು ತೋಚದೆ, ಮರ್ಯಾದೆ ಉಳಿಸಿಕೊಳ್ಳಲು ಅವನೂ ಎಲ್ಲರ ಜೊತೆ ನಕ್ಕುಬಿಟ್ಟ.

ಮನೆಗೆ ಬಂದು ಲಂಗ ಬಿಚ್ಚುವಾಗ ಅವಳು ಅಂದದ್ದು ಒಂದೇ ಮಾತು. “ನೀನೂ ನೆಗಾಡಿದ್ದಿ, ಪಪ್ಪ.”

ಅಲ್ಲಿಗಾದರೂ ಅವನು ನಿಲ್ಲಿಸಬಹುದಿತ್ತು. ನಿಲ್ಲಿಸಲು ಹೊರಟೂ ಇದ್ದ. ಆದರೆ ಸೋತ ಮುಖದಲ್ಲಿ ಮಗಳನ್ನು ಕೆಳಗಿಳಿಸಿದರೆ ಜನ ಅದನ್ನೇ ನೆನಪಿಟ್ಟುಕೊಳ್ಳುತ್ತಾರೆ ಎಂದು ಹಿತೇಶ ತಲೆಗೆ ತುಂಬಿದ. ಹಾಗಾಗಿ ಲತೇಶ ದಿನಾ ಸಂಜೆ ಅಂಗಡಿಯಲ್ಲಿ ಅವಳನ್ನು ಎದುರು ಕೂರಿಸಿ ತಾರೀಕು ಕೇಳತೊಡಗಿದ. ಇರುವ ತಾರೀಕು, ಇಲ್ಲದ ತಾರೀಕು, ಮೋಸದ ತಾರೀಕು. ಜೊತೆಗೆ ಒಂದು ಬುದ್ಧಿಮಾತೂ ಹೇಳಿದ. “ಗೊತ್ತಿಲ್ಲದಿದ್ರೆ ಬಾಯಿ ಬಿಡಬೇಡ ಮಗಾ. ಸುಮ್ಮನೆ ನೆಗಾಡಿಕೊಂಡು ನಿಲ್ಲು. ಯಾರಿಗೂ ಗೊತ್ತಾಗುದಿಲ್ಲ.”

ಮಗು ಅಪ್ಪನ ಮಾತನ್ನು ಅಕ್ಷರ ಬಿಡದೆ ಪಾಲಿಸಿತು. ಶಾಲೆಯಲ್ಲಿ ಪೂರ್ತಿ ಗೊತ್ತಿರುವ ಲೆಕ್ಕ ಮಾತ್ರ ಮಾಡುತ್ತಿತ್ತು, ಉಳಿದದ್ದಕ್ಕೆ ಪೆನ್ಸಿಲ್ ತಾಗಿಸುತ್ತಿರಲಿಲ್ಲ. ಹೊಸ ಟೀಚರ್ ಪೋಷಕರ ಸಭೆಯಲ್ಲಿ, “ಮೆಮೊರಿ ಉಂಟು, ಆದರೆ ಯೋಚನೆ ಮಾಡುವುದಿಲ್ಲ. ಎವರೇಜ್ ಚೈಲ್ಡ್, ನೀವು ತುಂಬ ನಿರೀಕ್ಷೆ ಇಟ್ಟುಕೊಳ್ಳಬೇಡಿ” ಎಂದರು. ಗೇಟಿನ ಮೇಲೆ ‘ನಮ್ಮ ಹೆಮ್ಮೆ’ ಇನ್ನೂ ಬಿಸಿಲಿಗೆ ಬಣ್ಣ ಬಿಡುತ್ತ ನೇತಾಡುತ್ತಿತ್ತು.

“ಇವಳು ಈಗ ಎಂತದೂ ಕೇಳುದಿಲ್ಲ, ನೋಡಿದ್ರಾ?” ಎಂದಳು ಹರಿಣಾಕ್ಷಿ ಒಂದು ಭಾನುವಾರ, ಅಕ್ಕಿ ಆರಿಸುತ್ತ. “ಮೊದಲು ತಲೆ ತಿಂತಿದ್ಳು. ಈಗ ಎದುರು ಕೂತ್ರೆ ನನ್ನ ಮುಖ ನೋಡ್ತಾಳೆ, ನಾನು ಕೇಳ್ಲಿ ಅಂತ.”

ಮಾರನೆಯ ದಿನ ಅಂಗಡಿಯಲ್ಲಿ ಒಂದಿಷ್ಟು ಫ್ಲೆಕ್ಸ್ ತುಂಡುಗಳನ್ನು ಲತೇಶನೇ ನೆಲದಲ್ಲಿ ಹರಡಿ, “ಬಾ ಮಗಾ, ಚೌಕ ಮಾಡುವ” ಎಂದು ಕರೆದ. ಅವಳು ಬಂದು ನಿಂತಳು. ಕೂರಲಿಲ್ಲ.

“ಆಗದಿದ್ರೆ?”

“ಆಗದಿದ್ರೆ ಎಂತ? ಪುನಃ ಮಾಡು.”

ಅಂಗಡಿಯಲ್ಲಿ ಗಿರಾಕಿಯೊಬ್ಬರು ಕುಳಿತಿದ್ದರು. ಅವಳು ಅವರ ಕಡೆ ನೋಡಿದಳು, ತುಂಡುಗಳ ಕಡೆ ನೋಡಿದಳು. “ಆಮೇಲೆ ಮಾಡ್ತೇನೆ” ಎಂದು ಬ್ಯಾಗು ಎತ್ತಿಕೊಂಡು ಕುರ್ಚಿಗೆ ಹೋದಳು. ಆ ‘ಆಮೇಲೆ’ ಬರಲೇ ಇಲ್ಲ.

ಲತೇಶ ಗ್ಲ್ಯಾಡಿಸ್ ಟೀಚರ್ ಮನೆ ಹುಡುಕಿಕೊಂಡು ಹೋದ. ಅವರು ಬಯ್ಯುತ್ತಾರೆ ಎಂದುಕೊಂಡಿದ್ದ, ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಚಹಾ ಕೊಟ್ಟು ಎಲ್ಲ ಕೇಳಿಸಿಕೊಂಡರು. “ಕಜೆಟನ್ ಸರ್ ಈಗಲೂ ಮಕ್ಕಳನ್ನು ಕೂರಿಸ್ತಾರೆ” ಎಂದರು ಕೊನೆಗೆ. “ಕರಕೊಂಡು ಹೋಗಿ. ಆಗ್ತದೆ ಅಂತ ನಾನು ಹೇಳುದಿಲ್ಲ, ಲತೇಶ್. ಹೋಗಿ ನೋಡಿ.”

ಆ ಶನಿವಾರ ಎರಡು ಕಾರ್ಯಕ್ರಮಗಳಿಗೆ ಬರುವುದಿಲ್ಲ ಎಂದ. ಹಿತೇಶ ಫೋನಿನಲ್ಲಿ ಸಿಡಿಮಿಡಿಗೊಂಡ. ಲತೇಶ ಮಗಳಿಗೆ ಮನೆಯಲ್ಲಿ ಹಾಕುವ ಫ್ರಾಕ್ ಹಾಕಿಸಿ, ಹೊತ್ತಿಗೆ ಮೊದಲೇ ಕೊಡಿಯಾಲ್‌ಬೈಲು ಮುಟ್ಟಿದ.

ಕಜೆಟನ್ ಸರ್ ಮನೆಯ ಹಜಾರದಲ್ಲಿ ಚಾಪೆ ಹಾಸಿತ್ತು. ನಾಲ್ಕೈದು ಮಕ್ಕಳು ಅಂಡು ಮೇಲೆ ಮಾಡಿ, ತಲೆ ಕೆಳಗೆ ಮಾಡಿ, ಮಂಜೊಟ್ಟಿ ಕಾಯಿಗಳ ಸುತ್ತ ಬಗ್ಗಿದ್ದರು. ಚೆನ್ನೆಮಣೆ ಆಡುವ ಆ ಕೆಂಪು ಬೀಜಗಳೇ. ಆಟ ಸುಲಭ. ಇಬ್ಬರು ಸರದಿಯಂತೆ ರಾಶಿಯಿಂದ ಒಂದೋ ಎರಡೋ ಬೀಜ ತೆಗೆಯಬೇಕು, ಕೊನೆಯದನ್ನು ತೆಗೆದವರು ಗೆದ್ದಂತೆ. ಯಾವಾಗಲೂ ಗೆಲ್ಲುವ ಉಪಾಯವೊಂದು ಇದೆ, ಅದನ್ನು ಕಂಡುಹಿಡಿಯಬೇಕು. ಕಂಡುಹಿಡಿಯಬೇಕಾದರೆ ಮೊದಲು ಒಂದಷ್ಟು ಸಲ ಸೋಲಲೇಬೇಕು.

ನಜ್ಲಾ ಎಂಬ ಹತ್ತು ವರ್ಷದ ಹುಡುಗಿ ಸರಿದು ಜಾಗ ಕೊಟ್ಟಳು. “ಬಾ, ನನ್ನ ಹತ್ರ ಆಡು. ನಾನು ಈಗ ಮೋಕ್ಷಿತನ ಕೈಯಲ್ಲಿ ನಾಲ್ಕು ಸಲ ಸೋತೆ” ಎಂದು ದೊಡ್ಡ ಸಾಧನೆಯ ಹಾಗೆ ಹೇಳಿದಳು. ಲತೇಶ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತ.

ಯಶ್ಮಿತಾ ಆಡಿದಳು. ಸೋತಳು.

“ಪುನಃ?” ಎಂದಳು ನಜ್ಲಾ, ಬೀಜ ಒಟ್ಟುಗೂಡಿಸುತ್ತ.

ಯಶ್ಮಿತಾ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು. ಮುಖದ ಮೇಲೆ ನಗು ಬಂತು, ವೇದಿಕೆಯ ನಗು. ಕಜೆಟನ್ ಸರ್ ಪಕ್ಕದಲ್ಲಿ ಬಂದು ಕುಳಿತರು. “ಸೋತದ್ದು ಒಳ್ಳೇದೇ ಆಯ್ತು. ಎಲ್ಲಿ ಕೈ ತಪ್ಪಿತು ಅಂತ ಹಿಂದೆ ಹೋಗಿ ನೋಡುವ. ನಿನಗೆ ಎಂತ ಅನ್ನಿಸ್ತದೆ?” ಅವಳು ನಗುತ್ತಲೇ ಇದ್ದಳು. ಅವರು ಕಾದರು. ಕಾಯುವುದು ಗೊತ್ತಿದ್ದ ಮನುಷ್ಯ, ಎಷ್ಟು ಹೊತ್ತಾದರೂ ಗಡಿಬಿಡಿ ಮಾಡಲಿಲ್ಲ. ಏನಾದರೂ ಹೇಳು ಮಗಾ, ತಪ್ಪೇ ಹೇಳು, ಹುಚ್ಚುಚ್ಚಾಗಿ ಏನಾದರೂ ಕೇಳು ಎಂದು ಲತೇಶ ಮನಸ್ಸಿನಲ್ಲೇ ಅಂಗಲಾಚಿದ. ಕಂಡ ದೈವಗಳಿಗೆಲ್ಲ ಹೇಳಿಕೊಂಡ.

ಅವಳು ಎದ್ದು ನಿಂತಳು. ಫ್ರಾಕ್ ಸರಿಮಾಡಿಕೊಂಡಳು. ಕೈಮುಗಿದಳು.

“ಎಲ್ಲರಿಗೂ ನಮಸ್ಕಾರ. ಸರ್, ನಿಮ್ಮ ಹುಟ್ಟಿದ ದಿನ ಹೇಳಿ.”

ಮಕ್ಕಳು ತಲೆಯೆತ್ತಿದರು. ಕಜೆಟನ್ ಸರ್ ಒಂದು ಕ್ಷಣ ಲತೇಶನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಸಾವಿನ ಮನೆಯಲ್ಲಿ ಎದುರಾದವರನ್ನು ನೋಡುವ ಹಾಗಿತ್ತು. ಆಮೇಲೆ ಮೆಲ್ಲಗೆ ಹೇಳಿದರು. “ಐವತ್ತೆರಡು, ಮಾರ್ಚ್ ಒಂಬತ್ತು.”

“ಭಾನುವಾರ.”

“ಹೌದು ಮಗಳೇ. ಭಾನುವಾರವೇ.”

“ಓ! ಹೇಗೆ ಗೊತ್ತಾಯ್ತು?” ಎಂದ ಮೋಕ್ಷಿತ್, ಮೊಣಕಾಲಿನ ಮೇಲೆ ಎದ್ದು. “ಹೇಗೆ ಮಾಡುದು ಅದನ್ನು? ಹೇಳು!”

ಇಷ್ಟು ವೇದಿಕೆಗಳಲ್ಲಿ, ಇಷ್ಟು ಮೈಕುಗಳ ಮುಂದೆ, ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಲತೇಶನೂ ಕೇಳಿರಲಿಲ್ಲ. ಯಶ್ಮಿತಾ ಬಾಯಿ ತೆರೆದಳು. ಎಲ್ಲೋ ಹುಡುಕುವ ಹಾಗೆ ಕಣ್ಣು ಅತ್ತಿತ್ತ ಹೋಯಿತು. ಬಾಯಿ ಮುಚ್ಚಿದಳು.

“ಗೊತ್ತಿಲ್ಲ” ಎಂದಳು. “ಬರ್ತದೆ, ಅಷ್ಟೇ.”

ಮೋಕ್ಷಿತ್ ಇನ್ನಷ್ಟು ಹೊತ್ತು ಕಾದ. ಏನೂ ಬರಲಿಲ್ಲವೆಂದು ತಿರುಗಿ ತನ್ನ ಬೀಜಗಳ ಕಡೆ ಬಗ್ಗಿದ. ನಜ್ಲಾಳೂ ಬಗ್ಗಿದಳು. ಅವರ ವಾದ ಎಲ್ಲಿ ನಿಂತಿತ್ತೋ ಅಲ್ಲಿಂದ ಮತ್ತೆ ಹೊತ್ತಿಕೊಂಡಿತು.

ಯಶ್ಮಿತಾ ನಿಂತೇ ಇದ್ದಳು. ಕೈಮುಗಿದುಕೊಂಡು, ನಗು ಬಿಡದೆ, ಶಾಲು ಹೊದಿಸುವವರಿಗೆ ಅನುಕೂಲವಾಗಲೆಂದು ಕತ್ತು ಸ್ವಲ್ಪ ಮುಂದಕ್ಕೆ ಬಗ್ಗಿಸಿಕೊಂಡು, ಉತ್ತರವಾದ ಮೇಲೆ ಬರಬೇಕಾದದ್ದಕ್ಕೆ ಕಾಯುತ್ತಿದ್ದಳು. ಅದು ಬರಲಿಲ್ಲ. ಅವಳ ಕಣ್ಣು ಅಪ್ಪನನ್ನು ಹುಡುಕಿತು. ಗಲ್ಲ ನಡುಗಲು ಶುರುವಾಯಿತು.

ಈಗ ಸುಮ್ಮನಿದ್ದರೆ ಮಗು ಈ ಮಕ್ಕಳೆದುರು ಇಲ್ಲಿಯೇ ಕುಸಿದು ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಸುಮ್ಮನಿರದಿದ್ದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಕೊಡಲು ಬೇರೇನೂ ಅವನ ಕೈಯಲ್ಲಿರಲಿಲ್ಲ.

ಲತೇಶ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದ. ಮಕ್ಕಳು ಬೆಚ್ಚಿ ನೋಡಿದರು. ಆದರೂ ಒಬ್ಬನೇ, ಜೋರಾಗಿ, ಅವಳ ಗಲ್ಲದ ನಡುಕ ನಿಲ್ಲುವವರೆಗೂ ತಟ್ಟುತ್ತಲೇ ಇದ್ದ.